‘ಗ್ರೇಪ್‌ವೈನ್’ ಹಾಡಿನಲ್ಲಿ ಮೂಲ ಯಾವುದು, ಕವರ್ ಯಾವುದು? ಆರು ಮಸಾಲೆ ದೋಸೆಯ ಪ್ರಶ್ನೆ

ಹಳೇ_ಕ್ಯಾಸೆಟ್ · ಭಾನುವಾರ ರಾತ್ರಿ 9:40

ಬಳಗಕ್ಕೆ ನಮಸ್ಕಾರ. ನನಗೂ ನಮ್ಮ ಭಾವನಿಗೂ ಬಾಜಿ ಬಿದ್ದಿದೆ. ತೀರ್ಪು ನೀವೇ ಕೊಡಬೇಕು.

ಹಾಡು ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’. ಇವತ್ತು ಊಟ ಆದ ಮೇಲೆ ಭಾವ, ಅಮೆರಿಕದ ಗಾಯಕ ಮಾರ್ವಿನ್ ಗೇ ಹಾಡಿದ್ದನ್ನು ಹಾಕಿದರು. ‘ಇದೇ ಮೂಲ, ಮಿಕ್ಕಿದ್ದೆಲ್ಲ ಕವರ್’ ಅಂದರು. ಕವರ್ ಅಂದರೆ ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಮತ್ತೆ ಹಾಡುವುದು. ಗಾಯಕಿ ಗ್ಲಾಡಿಸ್ ನೈಟ್ ಹಾಡಿದ್ದು ಅದಕ್ಕಿಂತ ಒಂದು ವರ್ಷ ಮೊದಲೇ ಬಂದಿತ್ತು ಅಂತ ನಾನು ಎಲ್ಲೋ ಓದಿದ್ದೆ. ‘ಹಾಗಿದ್ದರೆ ನಿಮ್ಮ ಮಾರ್ವಿನ್ ಅವರದ್ದೇ ಕವರ್’ ಅಂದೆ. ಮಾತಿಗೆ ಮಾತು ಬೆಳೆಯಿತು. ಅಕ್ಕ ಅಡುಗೆಮನೆಯಿಂದಲೇ ‘ಇಬ್ಬರೂ ಸ್ವಲ್ಪ ಸುಮ್ನಿರ್ತೀರಾ’ ಅಂತ ಕೂಗಿದಳು. ಕೊನೆಗೆ ಸೋತವರು ಇಡೀ ಮನೆಗೆ ಮಸಾಲೆ ದೋಸೆ ಕೊಡಿಸಬೇಕು ಅಂತಾಯಿತು. ಆರು ಜನ ಇದ್ದೇವೆ.

ನಾನು ಈ ಹಾಡನ್ನು ಮೊದಲು ಕೇಳಿದ್ದು ಇವರಿಬ್ಬರ ಬಾಯಲ್ಲಿ ಅಲ್ಲ. ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಸೀನಿಯರ್ ಒಬ್ಬರ ಹತ್ತಿರ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಬ್ಯಾಂಡಿನ ಕ್ಯಾಸೆಟ್ ಇತ್ತು. ಅದರಲ್ಲಿ ಈ ಹಾಡು ಹನ್ನೊಂದು ನಿಮಿಷ. ಬಚ್ಚಲಲ್ಲಿ ನಲ್ಲಿ ತಿರುಗಿಸಿ ಬಂದು ಹಾಡು ಹಾಕಿದರೆ, ಹಾಡು ಮುಗಿಯುವ ಹೊತ್ತಿಗೆ ಸರಿಯಾಗಿ ಒಂದು ಬಕೆಟ್ ತುಂಬುತ್ತಿತ್ತು. ಅಷ್ಟು ಸಣ್ಣಗೆ ನೀರು ಬರುತ್ತಿತ್ತು ಅಲ್ಲಿ. ಆಗ ಇದು ಸೋಲ್ (ಕರಿಯ ಅಮೆರಿಕನ್ನರ ಒಂದು ಸಂಗೀತ ಪ್ರಕಾರ) ಹಾಡು ಅಂತಲೇ ನನಗೆ ಗೊತ್ತಿರಲಿಲ್ಲ. ಸೀನಿಯರ್ ‘ಇದು ಸೋಲ್ ಹಾಡು ಕಣೋ’ ಅಂದಾಗ, ಹುಡುಗಿ ಕೈಕೊಟ್ಟ ಹಾಡಲ್ಲವಾ, ಸೋತವರ ಹಾಡಿಗೆ ಹಾಗೆ ಅಂತಾರೇನೋ ಅಂದುಕೊಂಡಿದ್ದೆ.

ಹೇಳಿ, ದೋಸೆ ಯಾರ ಲೆಕ್ಕಕ್ಕೆ?

ಬೇಸ್_ಭಟ್ಟ · ಭಾನುವಾರ ರಾತ್ರಿ 10:15

ಲೆಕ್ಕ ಸ್ವಲ್ಪ ಗಂಟುಬಿದ್ದಿದೆ ಸ್ವಾಮಿ. ನಿಧಾನವಾಗಿ ಬಿಡಿಸೋಣ.

ಹಾಡು ಕಟ್ಟಿದವರು ನಾರ್ಮನ್ ವಿಟ್‌ಫೀಲ್ಡ್ ಮತ್ತು ಬ್ಯಾರೆಟ್ ಸ್ಟ್ರಾಂಗ್. ವರ್ಷ 1966, ಊರು ಡೆಟ್ರಾಯ್ಟ್, ರೆಕಾರ್ಡ್ ಕಂಪನಿ ಮೋಟೌನ್. ಅದೇ ವರ್ಷ ಆಗಸ್ಟ್‌ನಲ್ಲಿ ಮೊದಲು ಮೈಕ್ ಮುಂದೆ ನಿಂತವರು ಸ್ಮೋಕಿ ರಾಬಿನ್ಸನ್ ಮತ್ತು ಅವರ ಮಿರಕಲ್ಸ್ ತಂಡ. ಕಂಪನಿಯ ಯಜಮಾನ ಬೆರಿ ಗೋರ್ಡಿ ಒಪ್ಪಲಿಲ್ಲ. 1967ರ ಮೊದಲ ತಿಂಗಳುಗಳಲ್ಲಿ ವಿಟ್‌ಫೀಲ್ಡ್ ಇದನ್ನು ಮಾರ್ವಿನ್ ಗೇ ಕೈಲಿ ಹಾಡಿಸಿದರು. ಅದಕ್ಕೂ ಗೋರ್ಡಿ ಒಪ್ಪಲಿಲ್ಲ. ಮಾರ್ವಿನ್ ಹೆಸರಲ್ಲಿ ಬೇರೊಂದು ಹಾಡನ್ನು ಸಿಂಗಲ್ (ಒಂದೇ ಹಾಡಿಗಾಗಿ ಬಿಡುವ ಡಿಸ್ಕ್) ಮಾಡಿ ಬಿಟ್ಟರು. ವಿಟ್‌ಫೀಲ್ಡ್ ಬಿಡುವ ಆಸಾಮಿ ಅಲ್ಲ. ಜೂನ್‌ನಲ್ಲಿ ಮೂರನೇ ಸಲ, ಈಗ ಗ್ಲಾಡಿಸ್ ನೈಟ್ ಅಂಡ್ ದ ಪಿಪ್ಸ್. ಇದಕ್ಕೆ ಅಂತೂ ಹೂಂ ಅಂದರು. ಸೆಪ್ಟೆಂಬರ್ 1967ಕ್ಕೆ ಡಿಸ್ಕ್ ಹೊರಗೆ ಬಂತು.

ಅಂದರೆ ಹಾಡಿದ ಸಾಲು ಹೀಗೆ: ಮಿರಕಲ್ಸ್, ಮಾರ್ವಿನ್, ಗ್ಲಾಡಿಸ್. ಜನರ ಕಿವಿಗೆ ಬಿದ್ದ ಸಾಲೇ ಬೇರೆ. ಗ್ಲಾಡಿಸ್ ಮೊದಲು. ಮಾರ್ವಿನ್ ಮತ್ತು ಮಿರಕಲ್ಸ್ ಹಾಡಿದ್ದು 1968ರ ಆಲ್ಬಂಗಳಲ್ಲಿ ಬಂತು.

ಮಾರ್ವಿನ್ ಹಾಡುವಾಗ ಗ್ಲಾಡಿಸ್ ಅವರದ್ದು ಹುಟ್ಟೇ ಇರಲಿಲ್ಲ. ಹುಟ್ಟದೇ ಇರುವುದಕ್ಕೆ ಕವರ್ ಮಾಡುವುದು ಹೇಗೆ? ಹಾಗಂತ ಮಾರ್ವಿನ್ ಅವರದ್ದೇ ಮೂಲ ಅನ್ನೋಣ ಅಂದರೆ ಸ್ಮೋಕಿ ಅಡ್ಡ ಬರುತ್ತಾರೆ. ನನ್ನ ಪ್ರಕಾರ ನೀವೂ ಸೋತಿರಿ, ನಿಮ್ಮ ಭಾವನೂ ಸೋತರು. ಮೂರು ಮೂರು ದೋಸೆ ಹಂಚಿಕೊಳ್ಳಿ.

ಶರಾವತಿ_77 · ಭಾನುವಾರ ರಾತ್ರಿ 10:52

ಮೂಲ ಯಾವುದೋ ಬಿಡಿ. ದಯವಿಟ್ಟು ಮೊದಲು ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಇಬ್ಬರೂ ಒಂದೇ ಹಾಡು ಹಾಡುತ್ತಿದ್ದಾರಾ ಅಂತ ನನಗೆ ಅನುಮಾನ.

ವಿಷಯ ಒಂದೇ. ತನ್ನವರು ತನ್ನನ್ನು ಬಿಟ್ಟು ಹಳೇ ಪ್ರೀತಿಯ ಕಡೆ ಹೋಗುತ್ತಿದ್ದಾರೆ ಅನ್ನುವುದು ಅವರಿವರ ಬಾಯಿಂದ ಗೊತ್ತಾಗಿದೆ. ‘ನೀನೇ ಹೇಳಬಹುದಿತ್ತಲ್ಲ’ ಅನ್ನುವ ದೂರು. ಮಾರ್ವಿನ್ ಗೇ ಇದನ್ನು ಹಾಡುವಾಗ ರಾತ್ರಿಯೆಲ್ಲ ನಿದ್ದೆಗೆಟ್ಟ ಮನುಷ್ಯ ಕಾಣಿಸುತ್ತಾನೆ. ಗ್ಲಾಡಿಸ್ ಹಾಡುವಾಗ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತ ಹೆಂಗಸು. ಹಿಂದೆ ಪಿಪ್ಸ್ ಬೇರೆ. ಅವರಲ್ಲಿ ಒಬ್ಬರು ಸ್ವಂತ ಅಣ್ಣ, ಇನ್ನಿಬ್ಬರು ನೆಂಟರ ಹುಡುಗರು. ಅವಳು ಒಂದು ಮಾತಂದರೆ ಇವರು ‘ಹೌದು ಹೌದು’ ಅಂತ ಎತ್ತಿಕೊಡುತ್ತಾರೆ. ಗಲಾಟೆಗೆ ತವರಿನವರನ್ನೇ ಕರಕೊಂಡು ಬಂದ ಹಾಗೆ!

ಒಂದು ಸಾಲಿನ ವ್ಯತ್ಯಾಸ ಗಮನಿಸಿ. ಮಾರ್ವಿನ್ ‘ಗಂಡಸು ಅಳಬಾರದು ಅಂತ ಗೊತ್ತು, ಆದರೂ ತಡೆಯಲಾಗುತ್ತಿಲ್ಲ’ ಅನ್ನುವ ಅರ್ಥದ ಸಾಲು ಹಾಡುತ್ತಾರೆ. ಗ್ಲಾಡಿಸ್ ಅಲ್ಲಿ ‘ಈ ಕಣ್ಣೀರನ್ನು ಚೆನ್ನಾಗಿ ನೋಡು’ ಅನ್ನುತ್ತಾರೆ. ಅವನು ಅಳುವುದಕ್ಕೆ ನಾಚಿಕೊಳ್ಳುತ್ತಾನೆ. ಅವಳು ಅದನ್ನೇ ಸಾಕ್ಷಿಯಾಗಿ ಮುಂದಿಡುತ್ತಾಳೆ.

ನಾನು ಸುಗಮ ಸಂಗೀತ ಹಾಡುವವಳು. ಒಂದೇ ಕವಿತೆಗೆ ಇಬ್ಬರು ಬೇರೆ ಬೇರೆ ರಾಗ ಹಾಕಿದಾಗ ಯಾರೂ ‘ಇದು ಮೂಲ, ಅದು ಕವರ್’ ಅನ್ನುವುದಿಲ್ಲ. ಇವರು ಹಾಕಿದ ರಾಗ, ಅವರು ಹಾಕಿದ ರಾಗ ಅನ್ನುತ್ತೇವೆ. ಅಷ್ಟೇ ಅಲ್ವಾ?

ರೀಲ್ಸ್_ಹುಡುಗ · ಸೋಮವಾರ ಬೆಳಗ್ಗೆ 7:05

ಅಕ್ಕಾ, ಮಾರ್ವಿನ್ ಧ್ವನಿಯಲ್ಲಿ ಆ ನೋವು ಬಂದಿದ್ದಕ್ಕೆ ಕಾರಣ ಇದೆ. ಅವರ ಜೊತೆ ಯುಗಳಗೀತೆ ಹಾಡುತ್ತಿದ್ದ ಟ್ಯಾಮಿ ಟೆರೆಲ್ ವೇದಿಕೆಯಲ್ಲೇ ಕುಸಿದುಬಿದ್ದರು, ಮೆದುಳಲ್ಲಿ ಗಡ್ಡೆ. ಆ ದುಃಖದಲ್ಲೇ ಈ ಹಾಡು ಹಾಡಿದ್ದು ಅಂತ ಒಂದು ವಿಡಿಯೋದಲ್ಲಿ ನೋಡಿದೆ.

ಬೇಸ್_ಭಟ್ಟ · ಸೋಮವಾರ ಬೆಳಗ್ಗೆ 8:20

ಕಥೆ ಚೆನ್ನಾಗಿದೆ. ಆದರೆ ತಾರೀಕು ಒಪ್ಪುವುದಿಲ್ಲ ಮರಿ. ಟ್ಯಾಮಿ ಕುಸಿದದ್ದು 1967ರ ಅಕ್ಟೋಬರ್‌ನಲ್ಲಿ. ಹಾಡಿನ ರೆಕಾರ್ಡಿಂಗ್ ಅದಕ್ಕೂ ತಿಂಗಳುಗಟ್ಟಲೆ ಮೊದಲೇ ಮುಗಿದು ಕಪಾಟಿನಲ್ಲಿ ಕೂತಿತ್ತು. ಹಾಡು ನಂಬರ್ ಒನ್ ಆದಾಗ ಟ್ಯಾಮಿ ಕಾಯಿಲೆಯಲ್ಲಿದ್ದರು, ಅದು ನಿಜ. 1970ರ ಮಾರ್ಚ್‌ನಲ್ಲಿ ತೀರಿಕೊಂಡರು. ಅಷ್ಟು ದೊಡ್ಡ ಯಶಸ್ಸು ಬಂದಾಗ ಮಾರ್ವಿನ್ ಅವರಿಗೆ ಅದನ್ನು ಅನುಭವಿಸುವ ಮನಸ್ಸಿರಲಿಲ್ಲ ಅನ್ನಬಹುದು. ಆದರೆ ಆ ನೋವು ಹಾಡಿನೊಳಗೆ ಹೋಗಿರಲು ಸಾಧ್ಯವಿಲ್ಲ.

ಧ್ವನಿ ಹಾಗೆ ಬಂದದ್ದಕ್ಕೆ ಕಾರಣ ತುಂಬಾ ಸಾದಾ. ವಿಟ್‌ಫೀಲ್ಡ್ ಬೇಕಂತಲೇ ಶ್ರುತಿಯನ್ನು ಮಾರ್ವಿನ್ ಅವರ ಆರಾಮದ ಜಾಗಕ್ಕಿಂತ ಮೇಲೆ ಇಟ್ಟರು. ಎಟುಕದ ಸ್ವರಕ್ಕೆ ಕೈಚಾಚಬೇಕಾದಾಗ ಗಂಟಲು ತಾನಾಗಿಯೇ ಒರಟಾಗುತ್ತದೆ. ಮಾರ್ವಿನ್ ಮೊದಲು ತಕರಾರು ತೆಗೆದರು, ಆಮೇಲೆ ಹಾಡಿದರು. ಟೆಂಪ್ಟೇಶನ್ಸ್ ತಂಡದ ಡೇವಿಡ್ ರಫಿನ್ ಮೇಲೂ ವಿಟ್‌ಫೀಲ್ಡ್ ಇದೇ ಮಂತ್ರ ಹಾಕಿದ್ದರು. ಮಾರ್ವಿನ್ ಅವರ ಬರೀ ಧ್ವನಿಯ ಟ್ರ್ಯಾಕ್ ನೆಟ್‌ನಲ್ಲಿ ಓಡಾಡುತ್ತಿದೆ. ವಾದ್ಯ ಇಲ್ಲ, ತಾಳ ಇಲ್ಲ. ಒಂದು ಸಲ ಹೆಡ್‌ಫೋನ್ ಹಾಕಿ ಕೇಳಿ. ಮೇಲಿನ ಸ್ವರಕ್ಕೆ ಹತ್ತುವಾಗ ಧ್ವನಿಯ ಅಂಚು ಹರಿಯುವುದು ಅಲ್ಲಿ ಗೊತ್ತಾಗುತ್ತದೆ.

ಮಿಶಿಗನ್_ಮಾವ · ಸೋಮವಾರ ಸಂಜೆ 6:30

ನಾನು ಇರುವುದು ಡೆಟ್ರಾಯ್ಟ್ ಪಕ್ಕ. ಊರಿಂದ ಯಾರೇ ಬಂದರೂ ಎಲ್ಲರೂ ನಯಾಗರಾ ನೋಡಬೇಕು ಅಂತಾರೆ. ನಾನು ಮೊದಲು ಎಳೆದುಕೊಂಡು ಹೋಗುವುದು ವೆಸ್ಟ್ ಗ್ರಾಂಡ್ ಬುಲೆವಾರ್ಡಿನ 2648ನೇ ನಂಬರಿನ ಮನೆಗೆ. ಅದೇ ಮೋಟೌನ್. ಹೌದು, ಮನೆಯೇ! ಬಿಳಿ ಬಣ್ಣ, ನೀಲಿ ಅಂಚು, ಮೇಲೆ ‘ಹಿಟ್ಸ್‌ವಿಲ್ ಯುಎಸ್ಎ’ ಅಂತ ಬರಹ. ನಮ್ಮ ಬಡಾವಣೆಗಳ ಸಾಧಾರಣ ಎರಡಂತಸ್ತಿನ ಮನೆ ನೆನಪಾಗುತ್ತದೆ. ಹಿಂದಿನ ಗ್ಯಾರೇಜೇ ಸ್ಟುಡಿಯೋ. ಸೂರಿನಿಂದ ವೈರುಗಳು ಜೋತುಬಿದ್ದಿರುತ್ತಿದ್ದವಂತೆ, ಅದಕ್ಕೆ ವಾದ್ಯದವರು ಅದನ್ನು ‘ಹಾವಿನ ಗುಂಡಿ’ ಅನ್ನುತ್ತಿದ್ದರು. ಅಷ್ಟು ಚಿಕ್ಕ ಜಾಗದಿಂದ ಆ ಸದ್ದು ಹೇಗೆ ಬಂತು ಅಂತ ನಮ್ಮ ಅತ್ತೆಯವರೂ ಕೇಳಿದರು. ಅವರು ಸಂಗೀತ ಕೇಳುವವರೇ ಅಲ್ಲ. ಪ್ರತಿಧ್ವನಿಗೆ ಅಟ್ಟದಲ್ಲಿ ಒಂದು ಖಾಲಿ ಕೋಣೆ ಇಟ್ಟುಕೊಂಡಿದ್ದರು. ಪ್ರವಾಸಿಗರು ಅದರ ಕೆಳಗೆ ನಿಂತು ಚಪ್ಪಾಳೆ ತಟ್ಟಿ ನೋಡುತ್ತಾರೆ.

ಗೋರ್ಡಿ ಯಾಕೆ ಬೇಡ ಅಂದರು ಅನ್ನುವುದಕ್ಕೆ ಸ್ವಲ್ಪ ಹಿನ್ನೆಲೆ. ಈ ಮನುಷ್ಯ ಮೊದಲು ಕಾರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಮನೆಯವರಿಂದ 800 ಡಾಲರ್ ಸಾಲ ತೆಗೆದುಕೊಂಡು 1959ರಲ್ಲಿ ಕಂಪನಿ ಶುರುಮಾಡಿದರು. ಕಾರ್ಖಾನೆಯಲ್ಲಿ ಕಾರು ಹೊರಗೆ ಬಿಡುವ ಮೊದಲು ಪರೀಕ್ಷೆ ಮಾಡುತ್ತಾರಲ್ಲ, ಅದೇ ಪದ್ಧತಿಯನ್ನು ಹಾಡಿಗೂ ತಂದರು. ಶುಕ್ರವಾರ ಸಭೆ. ಎಲ್ಲರೂ ಕೂತು ಆ ವಾರದ ಹಾಡುಗಳನ್ನು ಕೇಳಿ ಕೈಯೆತ್ತಬೇಕು. ‘ಜೇಬಲ್ಲಿ ಕೊನೆಯ ಡಾಲರ್ ಇದೆ, ಈ ಹಾಡು ಕೊಳ್ಳುತ್ತೀಯೋ, ಸ್ಯಾಂಡ್‌ವಿಚ್ ಕೊಳ್ಳುತ್ತೀಯೋ?’ ಇದು ಅಲ್ಲಿ ಕೇಳುತ್ತಿದ್ದ ಪ್ರಶ್ನೆ. ‘ಗ್ರೇಪ್‌ವೈನ್’ ಎರಡು ಸಲ ಸ್ಯಾಂಡ್‌ವಿಚ್ ಮುಂದೆ ಸೋತಿತು ಅನ್ನಿ.

ಇನ್ನೊಂದು ವಿಷಯ, ಇದು ಹಳೇ_ಕ್ಯಾಸೆಟ್ ಅವರಿಗೆ ಖುಷಿ ಕೊಡುತ್ತದೆ. ಆಗ ಮಾರ್ವಿನ್ ಗೇ ಅವರ ಹೆಂಡತಿ ಆನಾ. ಆನಾ ಅಂದರೆ ಬೆರಿ ಗೋರ್ಡಿಯ ಅಕ್ಕ. ಲೆಕ್ಕ ಹಾಕಿ. ಗೋರ್ಡಿ ತಡೆಹಿಡಿದದ್ದು ತನ್ನ ಭಾವನ ಹಾಡನ್ನೇ!

ಹಳೇ_ಕ್ಯಾಸೆಟ್ · ಸೋಮವಾರ ಸಂಜೆ 6:44

ಇದನ್ನು ಈಗಲೇ ಭಾವನಿಗೆ ಫಾರ್ವರ್ಡ್ ಮಾಡುತ್ತೇನೆ. ಭಾಮೈದನ ಹಕ್ಕು ಅಂದರೆ ಇದು.

ಬೇಸ್_ಭಟ್ಟ · ಸೋಮವಾರ ರಾತ್ರಿ 9:10

ಆದರೆ ಕೊನೆಗೆ ಗೆದ್ದದ್ದು ಭಾವನೇ, ಅದನ್ನೂ ಫಾರ್ವರ್ಡ್ ಮಾಡಿ.

ಗ್ಲಾಡಿಸ್ ಅವರ ಡಿಸ್ಕ್ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಎರಡನೇ ಸ್ಥಾನದವರೆಗೆ ಹೋಯಿತು. ಮೇಲೆ ಮಂಕೀಸ್ ಬ್ಯಾಂಡಿನ ಹಾಡು ಜಪ್ಪಯ್ಯ ಅಂದರೂ ಕದಲಲಿಲ್ಲ. ಕರಿಯರ ಸಂಗೀತದ ಆರ್ ಅಂಡ್ ಬಿ ಪಟ್ಟಿಯಲ್ಲಿ ಮಾತ್ರ ಮೊದಲನೇ ಸ್ಥಾನ. ಇದಾದ ಮೇಲೂ ವಿಟ್‌ಫೀಲ್ಡ್ ‘ಮಾರ್ವಿನ್ ಹಾಡಿದ್ದನ್ನೂ ಬಿಡಿ’ ಅಂತ ಬೆನ್ನುಬಿದ್ದರು. ಗೋರ್ಡಿ ಕೊಸರಿಕೊಂಡು, ಆಯಿತು, ಆಲ್ಬಂ ಒಳಗೆ ಎಲ್ಲಾದರೂ ಸೇರಿಸು ಅಂದರು. ಆಲ್ಬಂ ಹೆಸರು ‘ಇನ್ ದ ಗ್ರೂವ್’, 1968. ರೇಡಿಯೋದವರು ಆ ಆಲ್ಬಂನಿಂದ ಇದೊಂದನ್ನೇ ಹೆಕ್ಕಿ ಹೆಕ್ಕಿ ಹಾಕತೊಡಗಿದರು. ಕೇಳುಗರು ಅಂಗಡಿಗೆ ಹೋಗಿ ಕೇಳಿದರೆ ಸಿಂಗಲ್ ಇಲ್ಲ. ಕೊನೆಗೆ ಅಕ್ಟೋಬರ್ 30ಕ್ಕೆ ಸಿಂಗಲ್ ಬಿಡಲೇಬೇಕಾಯಿತು. ಡಿಸೆಂಬರ್‌ನಿಂದ ಜನವರಿವರೆಗೆ ಏಳು ವಾರ ನಂಬರ್ ಒನ್. ಒಂದು ಹಂತದಲ್ಲಿ ಪಟ್ಟಿಯ ಮೊದಲ ಮೂರೂ ಸ್ಥಾನ ಮೋಟೌನ್‌ನದ್ದೇ. ಮಾರ್ವಿನ್, ಸ್ಟೀವಿ ವಂಡರ್, ಡಯಾನಾ ರಾಸ್ ಮತ್ತು ಸುಪ್ರೀಮ್ಸ್. ಆಮೇಲೆ ಆ ಆಲ್ಬಂನ ಹೆಸರನ್ನೇ ಬದಲಿಸಿ ಈ ಹಾಡಿನ ಹೆಸರಿಟ್ಟರು.

ಬೆಂಕಿಗೆ ತುಪ್ಪ ಸುರಿದ ಇನ್ನೊಂದು ಹಾಡೂ ಇದೆ. ಓಟಿಸ್ ರೆಡಿಂಗ್ 1965ರಲ್ಲಿ ಹಾಡಿದ್ದ ‘ರೆಸ್ಪೆಕ್ಟ್’ ಹಾಡನ್ನು ಅರೀತಾ ಫ್ರಾಂಕ್ಲಿನ್ 1967ರಲ್ಲಿ ಎತ್ತಿಕೊಂಡು ಪೂರ್ತಿ ತನ್ನದಾಗಿಸಿಕೊಂಡಿದ್ದರು. ಅದನ್ನು ಕೇಳಿಯೇ ವಿಟ್‌ಫೀಲ್ಡ್ ಗ್ಲಾಡಿಸ್ ಅವರಿಗೆ ಹೊಸ ಓಟದ ತಾಳ ಕಟ್ಟಿದ್ದು. ಅಂದರೆ ಒಂದು ಕವರ್‌ನ ಮೇಲಿನ ಹೊಟ್ಟೆಕಿಚ್ಚಿನಿಂದ ಇನ್ನೊಂದು ಹಾಡಿಕೆ ಹುಟ್ಟಿತು. ಓಟಿಸ್ ಅವರೂ ಆ ವರ್ಷ ಮಾಂಟೆರೆ ಸಂಗೀತೋತ್ಸವದ ವೇದಿಕೆಯಲ್ಲಿ, ಈ ಹಾಡನ್ನು ಒಬ್ಬ ಹುಡುಗಿ ನನ್ನಿಂದ ಕಿತ್ತುಕೊಂಡಳು ಅನ್ನುವ ಹಾಗೆ ತಮಾಷೆ ಮಾಡಿದ್ದರು. ಅದೇ ಡಿಸೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟರು. 26 ವರ್ಷ.

ನಿರ್ವಾಹಕ · ಸೋಮವಾರ ರಾತ್ರಿ 9:25

‘ರೆಸ್ಪೆಕ್ಟ್’ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಶುರುವಾದರೆ ದೋಸೆ ತಣ್ಣಗಾಗುತ್ತದೆ.

ಪದ_ಪದಾರ್ಥ · ಮಂಗಳವಾರ ಬೆಳಗ್ಗೆ 6:15

ನಾನು ಸಂಗೀತದವನಲ್ಲ, ಮೇಷ್ಟ್ರು. ಹಾಡಿನ ಹೆಸರಿನ ಬಗ್ಗೆ ಒಂದೆರಡು ಮಾತು.

‘ಗ್ರೇಪ್‌ವೈನ್’ ಅಂದರೆ ದ್ರಾಕ್ಷಿ ಬಳ್ಳಿ. ಬಳ್ಳಿಯಿಂದ ಕೇಳಿದೆ ಅಂದರೆ ಗಾಳಿಸುದ್ದಿ ಕೇಳಿದೆ ಅಂತ. ಟೆಲಿಗ್ರಾಫ್ ತಂತಿ ಬಂದ ಕಾಲದಲ್ಲಿ ಹುಟ್ಟಿದ ಮಾತು ಇದು. ತಂತಿ ನೇರ, ಬಳ್ಳಿ ಸೊಟ್ಟ. ತಂತಿಯಲ್ಲಿ ಸರ್ಕಾರದ ಸುದ್ದಿ, ಬಳ್ಳಿಯಲ್ಲಿ ಜನರ ಸುದ್ದಿ. ಕರಿಯ ಅಮೆರಿಕನ್ನರಿಗೆ ಈ ಮಾತು ಬರೀ ಹರಟೆ ಅಲ್ಲ. ಕರಿಯ ಸಮುದಾಯದ ನಾಯಕ ಬುಕರ್ ಟಿ. ವಾಷಿಂಗ್ಟನ್ 1901ರ ತಮ್ಮ ಆತ್ಮಕಥೆಯಲ್ಲಿ ಇದನ್ನು ನೆನೆಯುತ್ತಾರೆ. ಗುಲಾಮಗಿರಿಯ ಕಾಲ, ಓದು ಬರಹ ಇಲ್ಲ. ಅಂಚೆ ತರಲು ಹೋದ ಆಳು ಅಲ್ಲಿ ಸ್ವಲ್ಪ ಹೊತ್ತು ನಿಂತು ಬಿಳಿಯರ ಮಾತು ಕೇಳಿಸಿಕೊಳ್ಳುತ್ತಿದ್ದ. ವಾಪಸು ಬರುವ ದಾರಿಯಲ್ಲಿ ತನ್ನವರಿಗೆ ಹೇಳುತ್ತಿದ್ದ. ಅಂತರ್ಯುದ್ಧದ ಸುದ್ದಿ ಎಷ್ಟೋ ಸಲ ಯಜಮಾನನ ದೊಡ್ಡ ಮನೆಗಿಂತ ಮೊದಲು ಆಳುಗಳ ಗುಡಿಸಿಲಿಗೆ ಮುಟ್ಟುತ್ತಿತ್ತು.

ಆ ಪದ ನೂರು ವರ್ಷ ಬಾಯಿಂದ ಬಾಯಿಗೆ ಉರುಳಿ ಪ್ರೇಮದ ಹಾಡಿಗೆ ಬಂತು. ನಮ್ಮಲ್ಲೂ ಊರಿಗೆಲ್ಲ ಗೊತ್ತಾದ ಮೇಲೆ ಮನೆಗೆ ಗೊತ್ತಾಗುವ ಸುದ್ದಿಗಳಿಗೇನೂ ಬರ ಇಲ್ಲ. ಕನ್ನಡಕ್ಕೆ ತರುವುದಾದರೆ ‘ಗಾಳಿಮಾತು’ ಅನ್ನಬಹುದು. ಆದರೆ ನಮ್ಮ ಗಾಳಿಮಾತಿಗೆ ‘ಸುಳ್ಳಿರಬಹುದು’ ಅನ್ನುವ ಛಾಯೆ ಇದೆ. ಈ ಹಾಡಿನ ಬಳ್ಳಿ ಸುಳ್ಳು ಹೇಳಿಲ್ಲ. ಅದೇ ಅವನ ಸಂಕಟ. ‘ಅವರಿವರ ಬಾಯಿಂದ ಕೇಳಿದೆ’ ಅನ್ನುವುದೇ ಹತ್ತಿರ ಅನ್ನಿಸುತ್ತದೆ.

ಗುಮ್ಮಟದೂರು · ಮಂಗಳವಾರ ಬೆಳಗ್ಗೆ 10:30

ದ್ರಾಕ್ಷಿ ಅಂದ ಮೇಲೆ ವಿಜಯಪುರದವನು ಸುಮ್ನೆ ಇರಲು ಆಗುತ್ತದೆಯೇ ರೀ!

ಈ ಹಾಡನ್ನು ಒಣದ್ರಾಕ್ಷಿಯೂ ಹಾಡಿದೆ, ಯಾರೂ ಹೇಳಲಿಲ್ಲ. 1986ರಲ್ಲಿ ಕ್ಯಾಲಿಫೋರ್ನಿಯಾದ ಒಣದ್ರಾಕ್ಷಿ ಮಂಡಳಿಯವರು ಒಂದು ಜಾಹೀರಾತು ಮಾಡಿಸಿದರು. ಜೇಡಿಮಣ್ಣಿನ ಗೊಂಬೆಗಳು. ಮುಖವೆಲ್ಲ ಸುಕ್ಕುಗಟ್ಟಿದ ಒಣದ್ರಾಕ್ಷಿಗಳು ಕಪ್ಪು ಕನ್ನಡಕ ಹಾಕಿಕೊಂಡು ಸಾಲಾಗಿ ಕುಣಿಯುತ್ತವೆ. ಧ್ವನಿ ಬಡ್ಡಿ ಮೈಲ್ಸ್ ಅವರದ್ದು, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಜೊತೆ ಡ್ರಮ್ಸ್ ಬಾರಿಸಿದವರು. ಅಲ್ಲಿನ ಒಂದಿಡೀ ತಲೆಮಾರಿನ ಮಕ್ಕಳಿಗೆ ಇದು ಮಾರ್ವಿನ್ ಹಾಡಲ್ಲ, ದ್ರಾಕ್ಷಿ ಹಾಡು.

ನಮ್ಮ ಮನೆಯದ್ದೂ ಒಣದ್ರಾಕ್ಷಿ ವ್ಯಾಪಾರ. ಶೆಡ್ಡಿನಲ್ಲಿ ಬಲೆ ಮೇಲೆ ಹರವಿದ ಹಣ್ಣು ನೋಡುವಾಗಲೆಲ್ಲ ನನಗೆ ಆ ಕುಣಿತವೇ ಕಣ್ಣಿಗೆ ಬರುತ್ತದೆ. ಅಪ್ಪನಿಗೆ ವಿಡಿಯೋ ತೋರಿಸಿದೆ. ‘ಕುಣಿಯುವುದು ಇರಲಿ, ಈ ವರ್ಷ ರೇಟು ಎಷ್ಟಂತೆ ಕೇಳು’ ಅಂದರು.

ರೀಲ್ಸ್_ಹುಡುಗ · ಮಂಗಳವಾರ ಮಧ್ಯಾಹ್ನ 1:15

ಅಣ್ಣಾ ಸೂಪರ್. ನಿನ್ನೆಯ ತಾರೀಕಿನ ತಪ್ಪಿಗೆ ಪ್ರಾಯಶ್ಚಿತ್ತವಾಗಿ ನಾನು ಒಂದು ಕವರ್ ತಂದಿದ್ದೇನೆ. ದ ಸ್ಲಿಟ್ಸ್, ಲಂಡನ್, 1979. ಹುಡುಗಿಯರ ಪಂಕ್ ಬ್ಯಾಂಡ್. ಹಾಡುವ ಆರಿ ಅಪ್‌ಗೆ ಆಗ 17 ವರ್ಷ. ಹಾಡನ್ನು ಎತ್ತಿ ನೆಲಕ್ಕೆ ಕುಕ್ಕಿದ್ದಾರೆ. ರೆಗ್ಗೆ ತರಹದ ಬೇಸ್, ಗಿಟಾರ್ ಗೀಚು, ಕಿರುಚಾಟ, ನಗು. ಒಂದು ಕಡೆ ‘ಗ್ರೇಪ್‌ವೈನ್’ ಅನ್ನುವ ಪದ ತೆಗೆದು ‘ಬೇಸ್‌ಲೈನ್’ ಅಂತ ಹಾಡುತ್ತಾರೆ. ಸುದ್ದಿ ಬಂದದ್ದು ಬಳ್ಳಿಯಿಂದಲ್ಲ, ಬೇಸ್ ಗಿಟಾರಿನಿಂದ!

ಇದರಲ್ಲಿ ಅಳುವೇ ಇಲ್ಲ. ‘ಬಿಟ್ಟು ಹೋಗ್ತೀಯಾ, ಹೋಗಪ್ಪಾ’ ಅನ್ನುವ ಹಾಗಿದೆ. ನನಗೆ ಇದೇ ಜಾಸ್ತಿ ಇಷ್ಟ.

ಶರಾವತಿ_77 · ಮಂಗಳವಾರ ಮಧ್ಯಾಹ್ನ 2:40

ಕೇಳಿದೆ. ಮೊದಲ ಸಲ ತಲೆನೋವು ಬಂತು. ಎರಡನೇ ಸಲ ನಗು ಬಂತು. ಮೂರನೇ ಸಲ ಅಡುಗೆಮನೆಯಲ್ಲಿ ನಾನೇ ಗುನುಗುತ್ತಿದ್ದೆ, ಯಾರಿಗೂ ಹೇಳಬೇಡಿ.

ಹಳೇ_ಕ್ಯಾಸೆಟ್ ಅವರ ಹನ್ನೊಂದು ನಿಮಿಷದ್ದನ್ನೂ ಕೇಳಿದೆ. ಕ್ಷಮಿಸಿ, ನನಗೆ ಅದು ಹಿಡಿಸಲಿಲ್ಲ. ನಾಲ್ಕು ನಿಮಿಷ ಹಾಡುತ್ತಾರೆ, ಆಮೇಲೆ ದುಃಖ ಏನಾಯಿತು ಅಂತಲೇ ಮರೆತು ಗಿಟಾರ್ ನುಡಿಸುತ್ತಾ ಕೂರುತ್ತಾರೆ.

ಹಳೇ_ಕ್ಯಾಸೆಟ್ · ಮಂಗಳವಾರ ರಾತ್ರಿ 8:30

ಬಾಜಿ ಒಂದು ಕಡೆ ಇರಲಿ. ಈ ಮಾತಿಗೆ ನಾನು ಉತ್ತರ ಕೊಡಲೇಬೇಕು.

ಅದು ಕ್ರೀಡೆನ್ಸ್ ಬ್ಯಾಂಡಿನ 1970ರ ‘ಕಾಸ್ಮೋಸ್ ಫ್ಯಾಕ್ಟರಿ’ ಆಲ್ಬಂ. ಉಳಿದ ಹಾಡುಗಳಲ್ಲಿ ಹೆಚ್ಚಿನವು ಎರಡು ಮೂರು ನಿಮಿಷದವು. ಇದೊಂದು ಮಾತ್ರ 11 ನಿಮಿಷ 5 ಸೆಕೆಂಡ್. ಬ್ಯಾಂಡಿನ ಗಾಯಕ ಜಾನ್ ಫೋಗರ್ಟಿ ಹಾಡುವ ಭಾಗ ಬೇಗ ಮುಗಿಯುತ್ತದೆ, ನೀವು ಹೇಳಿದ್ದು ಸರಿ. ಆದರೆ ಒಂದು ಕೆಟ್ಟ ಸುದ್ದಿ ಕೇಳಿದ ಮೇಲೆ ನಾವು ಏನು ಮಾಡುತ್ತೇವೆ? ಮೂರು ನಿಮಿಷ ಮಾತಾಡುತ್ತೇವೆ. ಆಮೇಲೆ ಮಾತು ಮುಗಿಯುತ್ತದೆ, ಯೋಚನೆ ಮುಗಿಯುವುದಿಲ್ಲ. ಅದೇ ವಿಷಯ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ. ಆ ಗಿಟಾರ್ ನನಗೆ ಹಾಗೆ ಕೇಳಿಸುತ್ತದೆ. ಡ್ರಮ್ಸ್, ಬೇಸ್ ಎರಡೂ ಗಾಣದ ಎತ್ತಿನ ಹಾಗೆ ಅದೇ ಜಾಗದಲ್ಲಿ ಸುತ್ತುತ್ತವೆ. ಗಿಟಾರ್ ಒಂದೇ ಅಲ್ಲಿ ಇಲ್ಲಿ ಹೋಗಿ ವಾಪಸು ಅಲ್ಲಿಗೇ ಬರುತ್ತದೆ.

ನಾನು ಅದನ್ನು ಜಾಸ್ತಿ ಕೇಳಿದ ವರ್ಷವೇ ಒಂದು ಸುದ್ದಿ ನನಗೂ ಸ್ನೇಹಿತರ ಬಾಯಿಂದ ಗೊತ್ತಾಗಿತ್ತು. ಮದುವೆ ನಿಶ್ಚಯದ ಸುದ್ದಿ. ನನ್ನ ಮದುವೆ ಅಲ್ಲ. ಆ ರಾತ್ರಿ ಬಕೆಟ್ ತುಂಬಿ ಹರಿದು ಕಾರಿಡಾರ್‌ವರೆಗೂ ನೀರು ಬಂದಿತ್ತು. ವಾರ್ಡನ್ ಬೈದದ್ದು ಈಗಲೂ ನೆನಪಿದೆ.

ಶರಾವತಿ_77 · ಮಂಗಳವಾರ ರಾತ್ರಿ 8:52

ಸರಿ ಬಿಡಿ. ಇನ್ನೊಂದು ಸಲ ಕೇಳುತ್ತೇನೆ, ಪೂರ್ತಿ.

ಬೇಸ್_ಭಟ್ಟ · ಮಂಗಳವಾರ ರಾತ್ರಿ 10:05

ಆ ಗಿಟಾರ್ ಹೆಚ್ಚು ಓಡಾಡುವುದು ಮೈನರ್ ಪೆಂಟಾಟೋನಿಕ್ ಸ್ವರಗಳಲ್ಲಿ. ಹೆಸರು ಕೇಳಿ ಹೆದರಬೇಡಿ. ನಮ್ಮ ಶುದ್ಧ ಧನ್ಯಾಸಿಯ ಐದು ಸ್ವರಗಳೇ ಅವು: ಸ, ಗ, ಮ, ಪ, ನಿ. ನನಗೆ ಗಿಟಾರ್ ಕಲಿಸಿದವರು ‘ಶುದ್ಧ ಧನ್ಯಾಸಿಯಿಂದ ಗಮಕ ತೆಗೆದು ಹೆಗಲಿಗೆ ಗಿಟಾರ್ ಹಾಕು’ ಅನ್ನುತ್ತಿದ್ದರು. ಶಾಸ್ತ್ರೀಯದವರು ಕಲ್ಲು ಹೊಡೆಯಬೇಡಿ. ಸ್ವರ ಒಂದೇ ಅಂದೆನೇ ಹೊರತು ರಾಗ ಒಂದೇ ಅನ್ನಲಿಲ್ಲ.

ಮಾರ್ವಿನ್ ಹಾಡಿಕೆಯ ಶುರು ಗಮನಿಸಿ. ಎಲೆಕ್ಟ್ರಿಕ್ ಪಿಯಾನೋದಲ್ಲಿ ಕಳ್ಳ ಹೆಜ್ಜೆ ಇಟ್ಟ ಹಾಗೆ ಒಂದು ತುಣುಕು. ಪಕ್ಕದಲ್ಲಿ ಟ್ಯಾಂಬರೀನ್ ಬುಡಬುಡಿಕೆಯಂತೆ ಗಿಲಗಿಲ ಅನ್ನುತ್ತದೆ. ಏನೋ ಕೆಟ್ಟದ್ದು ಆಗಲಿದೆ ಅಂತ ಅವರು ಬಾಯಿ ತೆರೆಯುವ ಮೊದಲೇ ಗೊತ್ತಾಗುತ್ತದೆ. ಆಮೇಲೆ ಪಾಲ್ ರೈಸರ್ ಕಟ್ಟಿಕೊಟ್ಟ ಪಿಟೀಲುಗಳು. ಹಿಂದೆ ಆಂಡಾಂಟೀಸ್ ಅನ್ನುವ ಮೂವರು ಹೆಂಗಸರ ಕೋರಸ್. ಇಲ್ಲಿ ಅವರು ಪಿಪ್ಸ್ ಹಾಗೆ ಬೆಂಬಲಕ್ಕೆ ನಿಂತಿಲ್ಲ. ದೂರದಲ್ಲಿ ಗುಸುಗುಸು ಮಾಡುವ ಊರ ಜನರೇ ಅವರು. ಅಂದರೆ ಬಳ್ಳಿ ಅವರೇ.

ಮಿಶಿಗನ್_ಮಾವ · ಮಂಗಳವಾರ ರಾತ್ರಿ 10:40

ಆ ಮೂವರ ಹೆಸರು ಬರೆದುಬಿಡಿ: ಜಾಕಿ ಹಿಕ್ಸ್, ಮರ್ಲೀನ್ ಬ್ಯಾರೋ, ಲೂವೇನ್ ಡೆಂಪ್ಸ್. ಮೋಟೌನ್‌ನ ಎಷ್ಟೋ ಹಾಡುಗಳಲ್ಲಿ ಅವರ ಧ್ವನಿ ಇದೆ, ಡಿಸ್ಕಿನ ಮೇಲೆ ಹೆಸರಿಲ್ಲ. ವಾದ್ಯ ನುಡಿಸಿದ ಫಂಕ್ ಬ್ರದರ್ಸ್ ಕಥೆಯೂ ಅದೇ. ಮಾರ್ವಿನ್ ಗೇ ಅವರ 1971ರ ಆಲ್ಬಂ ಬರುವವರೆಗೆ ಡಿಸ್ಕಿನ ಹೊದಿಕೆಯ ಮೇಲೆ ಅವರ ಹೆಸರು ಹಾಕುತ್ತಿರಲಿಲ್ಲ.

ಕಾನೂನು_ಕಾಕ · ಬುಧವಾರ ಬೆಳಗ್ಗೆ 9:00

ಭಾವ, ಭಾಮೈದನ ಜಗಳಕ್ಕೆ ವಕೀಲರು ಬರಲೇಬೇಕಲ್ಲ.

ಅಮೆರಿಕದ ಕಾನೂನಿನಲ್ಲಿ ಒಂದು ಹಾಡಿನ ಮೊದಲ ಡಿಸ್ಕ್ ಹೊರಗೆ ಬಂದ ಮೇಲೆ ಬೇರೆ ಯಾರು ಬೇಕಾದರೂ ಅದನ್ನು ಹಾಡಿ ಡಿಸ್ಕ್ ಮಾಡಬಹುದು. ಒಪ್ಪಿಗೆಗಾಗಿ ಕಾಯಬೇಕಿಲ್ಲ, ಕಾನೂನು ಹೇಳಿದ ದುಡ್ಡು ಕೊಟ್ಟರೆ ಸಾಕು. ಆಗ ಪ್ರತಿಗೆ 2 ಸೆಂಟ್. 1909ರಿಂದ 1977ರ ಕೊನೆಯವರೆಗೂ ಅದೇ ದರ! ನಮ್ಮ ದೇಶದಲ್ಲಿ 2012ರ ತಿದ್ದುಪಡಿ ಪ್ರಕಾರ, ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆಯುವವರೆಗೆ ಇಂಥ ಕವರ್ ಮಾಡುವಂತಿಲ್ಲ.

ಕ್ರೀಡೆನ್ಸ್ ಇರಲಿ, ಸ್ಲಿಟ್ಸ್ ಇರಲಿ, ಯಾರು ಹಾಡಿದರೂ ಹಾಡು ಬರೆದವರಿಗೂ ಪ್ರಕಾಶಕರಿಗೂ ದುಡ್ಡು ಬರುತ್ತದೆ. ಈ ಹಾಡಿನ ಪ್ರಕಾಶಕರು ಜೋಬೀಟ್ ಅನ್ನುವ ಸಂಸ್ಥೆ. ಅದೂ ಆಗ ಗೋರ್ಡಿಯದ್ದೇ ಆಗಿತ್ತು. ಮಕ್ಕಳಾದ ಜಾಯ್, ಬೆರಿ, ಟೆರಿ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು. ಒಂದೇ ಹಾಡನ್ನು ಕಂಪನಿಯ ಮೂರು ನಾಲ್ಕು ತಂಡಗಳ ಕೈಲಿ ಹಾಡಿಸುವುದು ಅಲ್ಲಿ ಮಾಮೂಲಿ. ಟೆಂಪ್ಟೇಶನ್ಸ್ ಕೂಡ 1969ರಲ್ಲಿ ಇದನ್ನು ಹಾಡಿದರು. ಯಾವ ಕೋಳಿ ಮೊಟ್ಟೆ ಇಟ್ಟರೂ ಬುಟ್ಟಿ ಒಂದೇ.

ಹಾಗಾಗಿ ಬಿಡುಗಡೆಯ ತಾರೀಕು ಹಿಡಿದರೆ ಗ್ಲಾಡಿಸ್ ಮೊದಲು. ಹಳೇ_ಕ್ಯಾಸೆಟ್ ಅವರಿಗೆ ಜಯ. ನನ್ನ ಫೀಸು ಒಂದು ಸೆಟ್ ದೋಸೆ.

ಬೇಸ್_ಭಟ್ಟ · ಬುಧವಾರ ಬೆಳಗ್ಗೆ 9:20

ಆಕ್ಷೇಪಣೆ. ಕಪಾಟಿನಲ್ಲಿ ಇಟ್ಟ ಮಾತ್ರಕ್ಕೆ ಹಾಡು ಹುಟ್ಟಿಲ್ಲ ಅನ್ನಲಾಗುವುದಿಲ್ಲ. ಮೊದಲು ಹುಟ್ಟಿದ ಮಗುವಿಗೆ ಆಮೇಲೆ ನಾಮಕರಣ ಆದರೆ ಅದು ತಮ್ಮನಾಗುತ್ತದೆಯೇ?

ಮರೆಯುವ ಮುಂಚೆ: 1981ರಲ್ಲಿ ರೋಜರ್ ಟ್ರೌಟ್‌ಮನ್ ಕೂಡ ಇದನ್ನು ಹಾಡಿದರು. ಬಾಯಲ್ಲಿ ಕೊಳವೆ ಇಟ್ಟುಕೊಂಡು ವಾದ್ಯದ ಸದ್ದನ್ನೇ ಮಾತಾಗಿಸುವ ಟಾಕ್ ಬಾಕ್ಸ್ ಅವರ ಕೈಚಳಕ. ಅದೂ ಆರ್ ಅಂಡ್ ಬಿ ಪಟ್ಟಿಯಲ್ಲಿ ನಂಬರ್ ಒನ್. ಒಂದೇ ಹಾಡು ಮೂರು ಸಲ, ಮೂರು ಜನರ ಬಾಯಲ್ಲಿ, ಆ ಪಟ್ಟಿಯ ತುದಿ ಮುಟ್ಟಿದೆ. ರೋಜರ್ ಹಾಡಿದ್ದು ನನಗೆ ಅಷ್ಟಾಗಿ ರುಚಿಸುವುದಿಲ್ಲ. ಯಂತ್ರಕ್ಕೆ ಹೊಟ್ಟೆಕಿಚ್ಚು ಬಂದ ಹಾಗಿದೆ. ಕುಣಿಯುವವರಿಗೆ ಚೆನ್ನ.

ಹಳೇ_ಕ್ಯಾಸೆಟ್ · ಗುರುವಾರ ರಾತ್ರಿ 9:15

ದೋಸೆಯ ವರದಿ. ನಿಮ್ಮ ಉತ್ತರಗಳನ್ನೆಲ್ಲ ಭಾವನಿಗೆ ಓದಿ ಹೇಳಿದೆ. ‘ನೋಡು, ಭಟ್ಟರು ನನ್ನ ಕಡೆ’ ಅಂದರು. ‘ವಕೀಲರು ನನ್ನ ಕಡೆ’ ಅಂದೆ. ಕೊನೆಗೆ ಅರ್ಧ ಅರ್ಧ ಹಾಕಿಕೊಂಡೆವು. ಭಾವ ಗ್ಲಾಡಿಸ್ ಹಾಡಿದ್ದನ್ನು ಮೊದಲ ಸಲ ಪೂರ್ತಿ ಕೇಳಿದರು. ಏನೂ ಹೇಳಲಿಲ್ಲ. ಆದರೆ ಹೋಟೆಲಿಗೆ ಹೋಗುವಾಗ ಕಾರಿನಲ್ಲಿ ಮತ್ತೆ ಅದನ್ನೇ ಹಾಕಿದರು.

ಹಿಂದಿನ ಸೀಟಲ್ಲಿ ಅಮ್ಮ ಇದ್ದರು. ‘ಅದೇನು ಅಷ್ಟು ಜೋರು ಮಾಡ್ತಾಳೆ, ಏನಂತೆ?’ ಅಂದರು. ಅಕ್ಕ ಅರ್ಥ ಹೇಳಿದಳು. ಆಮೇಲೆ ಮಾರ್ವಿನ್ ಹಾಡಿದ್ದನ್ನೂ ಹಾಕಿ, ಇಲ್ಲಿ ಅವನು ಹೇಳುತ್ತಾನೆ ಅಂದಳು. ಅಮ್ಮ ಸ್ವಲ್ಪ ಹೊತ್ತು ಕೇಳಿದರು.

‘ಇಬ್ಬರೂ ಊರವರ ಮಾತು ಕೇಳಿ ಬೈತಾರೆ. ಆ ಕಡೆಯವರು ಏನಂದ್ರು ಅಂತ ಒಬ್ಬರಾದರೂ ಹಾಡಿದಾರಾ?’

ಕಾರಿನಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಭಟ್ಟರೇ, ನಿಮಗೆ ಗೊತ್ತಾ?

ಬೇಸ್_ಭಟ್ಟ · ಗುರುವಾರ ರಾತ್ರಿ 9:48

ಅಮ್ಮನಿಗೆ ಒಂದು ದೋಸೆ ಜಾಸ್ತಿ ಕೊಡಿಸಿ. ನಾನು ಹುಡುಕುತ್ತೇನೆ.